ಖಳನಾಯಕಿಯ ಪೂರ್ವಕಥೆ: ಧಾರಾವಾಹಿಯಲ್ಲಿ ಅದನ್ನು ಕಟ್ಟುವ ಬಗೆ, ಅದು ಕೆಡುವ ಬಗೆ

ಶಕುನಿ ಯಾಕೆ ಹಾಗಾದ ಅಂತ ನಮ್ಮ ಕಡೆಯ ಹಿರಿಯರನ್ನು ಕೇಳಿದರೆ ಸೆರೆಮನೆಯ ಕಥೆ ಹೇಳುತ್ತಾರೆ. ಗಾಂಧಾರದ ರಾಜನನ್ನೂ ಅವನ ಮಕ್ಕಳನ್ನೂ ಹಸ್ತಿನಾವತಿಯವರು ಸೆರೆಗೆ ಹಾಕಿದರು, ಒಬ್ಬೊಬ್ಬರಿಗೆ ದಿನಕ್ಕೆ ಒಂದೊಂದೇ ಅಗುಳು ಅನ್ನ ಕೊಟ್ಟರು. ಎಲ್ಲರೂ ತಮ್ಮ ಅಗುಳನ್ನು ಒಬ್ಬನಿಗೇ ಉಣಿಸಿ ಅವನನ್ನು ಉಳಿಸಿದರು. ಉಳಿದವನು ಶಕುನಿ, ಸತ್ತ ಅಪ್ಪನ ಎಲುಬಿನಿಂದ ದಾಳ ಮಾಡಿಕೊಂಡ. ವ್ಯಾಸರ ಭಾರತದಲ್ಲಿ ಈ ಕಥೆ ಇಲ್ಲ. ಅಲ್ಲಿ ಶಕುನಿಯ ಅಪ್ಪ ಸುಬಲ ಧರ್ಮರಾಯನ ರಾಜಸೂಯಕ್ಕೆ ಬಂದು ಹೋಗುತ್ತಾನೆ, ಅಣ್ಣತಮ್ಮಂದಿರು ಕುರುಕ್ಷೇತ್ರದಲ್ಲಿ ಕಾದಿ ಸಾಯುತ್ತಾರೆ. ಸೆರೆಮನೆಯ ಕಥೆ ಜನ ಆಮೇಲೆ ಕಟ್ಟಿದ್ದು. ಇಷ್ಟು ಕೇಡು ಮಾಡಿದವನಿಗೆ ಕಾರಣ ಇಲ್ಲ ಅಂದರೆ ಕೇಳುಗರಿಗೆ ಸಮಾಧಾನ ಆಗಲಿಲ್ಲ.

ಆ ಜನಪದ ಕಥೆಯನ್ನು ಬಿಚ್ಚಿ ನೋಡಿದರೆ ಇವತ್ತಿನ ಧಾರಾವಾಹಿ ಬರೆಯುವವರಿಗೆ ಬೇಕಾದ ಎಲ್ಲ ಭಾಗವೂ ಸಿಗುತ್ತದೆ. ಹಸಿವಿನ ರೂಪದಲ್ಲಿ ಒಂದು ಗಾಯ ಇದೆ. ಅಪ್ಪನಿಗೆ ಕೊಟ್ಟ ಒಂದು ಮಾತಿದೆ. ಆ ಗಾಯದಿಂದಲೇ ಹುಟ್ಟಿದ ಉಪಕರಣ, ಅಂದರೆ ದಾಳ, ಮುಂದೆ ಕಥೆಯ ನಡುಮಧ್ಯದಲ್ಲಿ ಕೆಲಸ ಮಾಡುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ ಒಂದು ಆಯ್ಕೆ ಇದೆ. ಶಕುನಿ ಸೇಡು ತೀರಿಸಿಕೊಳ್ಳುವುದು ಸೆರೆಗೆ ಹಾಕಿದವರ ಮೇಲಲ್ಲ, ತನ್ನನ್ನು ಮಾವ ಮಾವ ಅಂತ ನಂಬಿದ ತಂಗಿಯ ಮಕ್ಕಳನ್ನೇ ಉರುವಲು ಮಾಡಿಕೊಂಡು. ಸೆರೆಮನೆ ಅವನಿಗೆ ಬಂದದ್ದು. ದುರ್ಯೋಧನನನ್ನು ಬಳಸಿಕೊಂಡದ್ದು ಅವನು ಮಾಡಿದ್ದು.

ಕನ್ನಡ ಧಾರಾವಾಹಿಗಳ ಹೆಚ್ಚಿನ ಪೂರ್ವಕಥೆಗಳು ಮುಗ್ಗರಿಸುವುದು ಇಲ್ಲಿಯೇ. ಗಾಯವನ್ನು ಮೂರು ಎಪಿಸೋಡ್ ತೋರಿಸುತ್ತಾರೆ, ಮಳೆಯಲ್ಲಿ ಅಳುವ ಮಗು, ಹೊರಗೆ ದಬ್ಬುವ ದೊಡ್ಡಮ್ಮ, ಹಿನ್ನೆಲೆಯಲ್ಲಿ ವಯಲಿನ್. ಅಲ್ಲಿಂದ ನೇರ ಇವತ್ತಿಗೆ ಹಾರಿ, ಅದಕ್ಕೇ ಈಕೆ ಸೊಸೆಯ ಹಾಲಿಗೆ ವಿಷ ಹಾಕುತ್ತಾಳೆ ಅನ್ನುತ್ತಾರೆ. ನಡುವಿನ ಹೆಜ್ಜೆಯೇ ಇಲ್ಲ. ಅದೇ ಮಳೆಯಲ್ಲಿ ಅತ್ತ ಬೇರೆ ಮಕ್ಕಳು ಶಿಕ್ಷಕರಾದರು, ನರ್ಸ್ ಆದರು. ಇವಳು ಯಾಕೆ ಹೀಗಾದಳು ಎಂಬ ಪ್ರಶ್ನೆಗೆ ಅಳು ಉತ್ತರವಲ್ಲ.

ಒಳ್ಳೆಯ ಪೂರ್ವಕಥೆಗೆ ಉದ್ದ ಬೇಕಿಲ್ಲ ಎಂಬುದಕ್ಕೆ 1992ರ ಒಂದು ಅಮೆರಿಕನ್ ಕಾರ್ಟೂನ್ ಸಾಕ್ಷಿ. ಬ್ಯಾಟ್‌ಮ್ಯಾನ್ ಕಥೆಗಳಲ್ಲಿ ಮಿಸ್ಟರ್ ಫ್ರೀಜ್ ಎಂಬ ಖಳ 1959ರಿಂದ, ಮೊದಲು ಬೇರೆ ಹೆಸರಿನಲ್ಲಿ, ಇದ್ದ. ಹಿಮ ಚಿಮ್ಮಿಸುವ ಬಂದೂಕು ಹಿಡಿದ ಕಳ್ಳ, ಅಷ್ಟೇ. ಬ್ಯಾಟ್‌ಮ್ಯಾನ್‌ನ ಅನಿಮೇಷನ್ ಸರಣಿಯಲ್ಲಿ ಪಾಲ್ ಡಿನಿ ಬರೆದ ‘ಹಾರ್ಟ್ ಆಫ್ ಐಸ್’ ಎಂಬ ಒಂದೇ ಎಪಿಸೋಡ್ ಅವನಿಗೆ ಹೆಂಡತಿಯನ್ನು ಕೊಟ್ಟಿತು. ವಾಸಿಯಾಗದ ಕಾಯಿಲೆ ಇರುವ ಅವಳನ್ನು ಅವನು ಹಿಮದಲ್ಲಿ ಉಳಿಸಿಟ್ಟಿದ್ದಾನೆ, ಕಂಪನಿಯ ಒಡೆಯ ಬಂದು ಆ ಪ್ರಯೋಗವನ್ನೇ ನಿಲ್ಲಿಸುತ್ತಾನೆ. ಇಡೀ ಎಪಿಸೋಡ್ ಸುಮಾರು 22 ನಿಮಿಷ, ನಮ್ಮ ದಿನದ ಧಾರಾವಾಹಿಯಷ್ಟೇ. ಆ ಹೊಸ ಪೂರ್ವಕಥೆ ಎಷ್ಟು ಗಟ್ಟಿಯಾಗಿತ್ತೆಂದರೆ ಮೂಲ ಕಾಮಿಕ್ಸ್ ಕೂಡ ಆಮೇಲೆ ಅದನ್ನೇ ಸ್ವೀಕರಿಸಿತು. ಅಲ್ಲಿ ಗೆದ್ದದ್ದು ಕಣ್ಣೀರಿನ ಪ್ರಮಾಣವಲ್ಲ. ಅವನ ಬಂದೂಕು, ಅವನ ಉಡುಪು, ಅವನ ತಣ್ಣನೆಯ ದನಿ, ಮೊದಲೇ ನೋಡಿದ್ದ ಎಲ್ಲಕ್ಕೂ ಒಂದೇ ಕಾರಣ ಸಿಕ್ಕಿತು.

ಒಂದು ಪಾತ್ರವನ್ನು ಬುಡದಿಂದ ಕಟ್ಟಿ ನೋಡೋಣ

ಕಲಬುರಗಿಯಲ್ಲಿ ನಡೆಯುವ ಒಂದು ಧಾರಾವಾಹಿ ಎಂದುಕೊಳ್ಳಿ. ಖಳನಾಯಕಿ ಗೌರಮ್ಮ, ವಯಸ್ಸು 52. ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಅಡತಿ (ದಲ್ಲಾಳಿ) ಅಂಗಡಿ, ಊರ ಹೊರಗೆ ದಾಲ್ ಮಿಲ್. ಕಥೆ ನಡೆಯುವ ವರ್ಷ 2024. ನಾಯಕಿಗೆ 25, ಅಫಜಲಪುರ ಕಡೆಯ ತೊಗರಿ ಬೆಳೆಯುವ ರೈತನ ಮಗಳು.

ಮೊದಲ ಕೆಲಸ, ಗೌರಮ್ಮನ ಹುಟ್ಟಿದ ವರ್ಷ ಬರೆದುಕೊಳ್ಳುವುದು: 1972. ಇದು ಸಣ್ಣ ಕೆಲಸ ಅನ್ನಿಸಬಹುದು. ಆದರೆ ಪೂರ್ವಕಥೆಯ ಅರ್ಧ ತಪ್ಪುಗಳು ಇದನ್ನು ಬರೆಯದೆ ಇರುವುದರಿಂದಲೇ ಆಗುತ್ತವೆ. ವರ್ಷ ಬರೆದ ಕೂಡಲೇ ಊರು, ಕಾನೂನು, ದರ, ಬಸ್ಸು, ನೋಟು ಎಲ್ಲವೂ ತಾವಾಗಿ ಕಥೆಗೆ ಬರುತ್ತವೆ. ಗಾಯವನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಕಾಲವೇ ಅದನ್ನು ತಂದುಕೊಡುತ್ತದೆ.

ಗೌರಮ್ಮನ ಗಾಯ ಆಸ್ತಿಯದು. ಧಾರಾವಾಹಿಗಳಲ್ಲಿ ಆಸ್ತಿ ಜಗಳ ಸವೆದುಹೋದ ವಿಷಯ ಎಂದು ಕೆಲವರು ಮೂಗು ಮುರಿಯುತ್ತಾರೆ. ಸವೆದದ್ದು ವಿಷಯವಲ್ಲ, ಅದನ್ನು ಮಬ್ಬಾಗಿ ಬರೆಯುವ ರೀತಿ. ಹುಟ್ಟಿನಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬರುತ್ತದೆ ಎಂಬ, ಮಿತಾಕ್ಷರ ಎನ್ನುವ ಧರ್ಮಶಾಸ್ತ್ರ ಗ್ರಂಥದ ನ್ಯಾಯ ಭಾರತದ ಬಹುಭಾಗದಲ್ಲಿ ನಡೆದುಬಂತು. ಅದನ್ನು ಬರೆದ ವಿಜ್ಞಾನೇಶ್ವರ ನಮ್ಮ ಕಲಬುರಗಿ ಜಿಲ್ಲೆಯ ಮರತೂರಿನವರು. ಬರೆದದ್ದು ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಆ ದಿನಕ್ಕಿಂತ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸಲಿಲ್ಲ.

ಈಗ ಗೌರಮ್ಮನಿಗೆ 1992ರಲ್ಲಿ ಮದುವೆ ಮಾಡಿ, ಶಹಾಪುರಕ್ಕೆ ಕೊಡಿ. ಅವಳ ತಂಗಿಗೆ 1996ರಲ್ಲಿ ಮದುವೆ ಮಾಡಿ. ಅಪ್ಪನ ಅಂಗಡಿಯ ರೋಕಡಿ, ಖಾತೆ ಎಲ್ಲ ಬರೆದವಳು ಗೌರಮ್ಮ, ಮದುವೆಯಾಗುವವರೆಗೂ. ತಂಗಿ ಒಂದು ದಿನವೂ ಅಂಗಡಿಗೆ ಕಾಲಿಟ್ಟವಳಲ್ಲ. 2003ರಲ್ಲಿ ವಾಟ್ನಿ, ಅಂದರೆ ಆಸ್ತಿಯ ಪಾಲು, ಆಗುತ್ತದೆ. ಅಪ್ಪನಿಗೊಂದು ಪಾಲು, ಅಣ್ಣನಿಗೊಂದು, ತಂಗಿಗೊಂದು. ಗೌರಮ್ಮನಿಗೆ ಏನೂ ಇಲ್ಲ. ಯಾರೂ ಅವಳಿಗೆ ಮೋಸ ಮಾಡಿಲ್ಲ, ಯಾರೂ ಬೈದಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರ ಮದುವೆಯ ನಡುವೆ ಒಂದು ತಾರೀಖು ಹಾದುಹೋಗಿದೆ. ದೊಡ್ಡಮ್ಮ ಹೊಡೆದದ್ದಕ್ಕಿಂತ ಈ ಗಾಯ ಆಳವಾದದ್ದು, ಯಾಕೆಂದರೆ ಇದರಲ್ಲಿ ಬೈಯಲು ಎದುರಿಗೆ ಯಾರೂ ಇಲ್ಲ.

ಇಲ್ಲಿ ಬರೆಯುವವರು ಜಾರುವ ಜಾಗಗಳು ಎರಡು. ಒಂದು, ವಾಟ್ನಿಯನ್ನು 2003ರ ಬದಲು 2006ಕ್ಕೆ ಇಟ್ಟರೆ ಇಡೀ ಕಥೆ ಕುಸಿಯುತ್ತದೆ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ತಾರೀಖು ನೋಡದೆ ಎಲ್ಲ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ, ಇಲ್ಲವೇ ಕೋರ್ಟಿನ ಡಿಕ್ರಿಯಿಂದ ಆದ ವಾಟ್ನಿಯನ್ನು ಅದು ಮುಟ್ಟುವುದಿಲ್ಲ. ಹಾಗಾಗಿ ನಮ್ಮ ವಾಟ್ನಿ 2003ರದ್ದೇ ಆಗಬೇಕು, ಬಾಯಿಮಾತಿನದಲ್ಲ, ನೋಂದಣಿಯಾದದ್ದೇ ಆಗಬೇಕು. ಎರಡನೆಯದು ಇನ್ನೂ ಸೂಕ್ಷ್ಮ. ಅಪ್ಪ 2010ರಲ್ಲಿ ತೀರಿಕೊಂಡ ಎಂದರೆ ಅವನ ಪಾಲಿಗೆ ಬಂದ ಆಸ್ತಿಯಲ್ಲಿ ಎಲ್ಲ ಮಕ್ಕಳಿಗೂ, ಹೆಂಡತಿಗೂ ಸಮಾನ ಹಕ್ಕು, ಗೌರಮ್ಮನಿಗೂ. ಅವಳಿಗೆ ಏನೂ ಸಿಗಬಾರದು ಅಂದರೆ ಅಪ್ಪ ಮೃತ್ಯುಪತ್ರ ಬರೆದಿರಲೇಬೇಕು. ಮೃತ್ಯುಪತ್ರಕ್ಕೆ ಕನಿಷ್ಠ ಇಬ್ಬರು ಸಾಕ್ಷಿ ಬೇಕು. ಆ ಇಬ್ಬರು ಯಾರು ಎಂಬುದನ್ನು ಈಗಲೇ ಬರೆದಿಟ್ಟುಕೊಳ್ಳಿ, ಆದರೆ ಪ್ರೇಕ್ಷಕರಿಗೆ ಹೇಳಬೇಡಿ.

ನಮ್ಮ ಜಿಲ್ಲೆಗಳಲ್ಲಿ ಇಂಥ ಕಾಗದಪತ್ರ ಇಟ್ಟುಕೊಂಡು ಕೋರ್ಟಿಗೆ ಅಲೆದ ಮನೆಗಳು ಕಡಿಮೆಯಿಲ್ಲ. ಅವರು ಟಿವಿ ಮುಂದೆ ಕುಳಿತಿರುತ್ತಾರೆ, ತಪ್ಪು ಮೊದಲು ಅವರಿಗೇ ಕಾಣುತ್ತದೆ.

ಆಯ್ಕೆಯ ದೃಶ್ಯ

ಇಷ್ಟರವರೆಗೆ ಗೌರಮ್ಮ ಖಳಳಲ್ಲ, ನೊಂದವಳು. ಗಂಡ ತೀರಿಹೋಗಿ ತವರಿಗೆ ಬಂದಿದ್ದಾಳೆ, ಅಣ್ಣನ ಅಂಗಡಿಯಲ್ಲಿ ಮತ್ತೆ ಲೆಕ್ಕ ಬರೆಯುತ್ತಿದ್ದಾಳೆ. ಈಗ ಬೇಕಿರುವುದು ಅವಳು ಬೇರೆಯದನ್ನು ಮಾಡಬಹುದಾಗಿದ್ದ, ಆದರೂ ಮಾಡದ ಒಂದು ಕ್ಷಣ. ಅದಕ್ಕೆ ನಾಲ್ಕು ಗುಣ ಇರಬೇಕು: ಎರಡನೇ ದಾರಿ ಪ್ರೇಕ್ಷಕರ ಕಣ್ಣಿಗೆ ಕಾಣುವಂತಿರಬೇಕು, ಆ ದಾರಿ ಹಿಡಿಯುವುದು ಅವಳಿಗೆ ಸುಲಭವಿರಬೇಕು, ತಪ್ಪು ದಾರಿಯಿಂದ ಅವಳಿಗೆ ಲಾಭವಾಗಬೇಕು, ನಷ್ಟ ಅನುಭವಿಸುವವನು ಅವಳಿಗೆ ಯಾವ ಕೆಡುಕನ್ನೂ ಮಾಡದವನಾಗಿರಬೇಕು.

2017ರ ಜನವರಿ ಇದಕ್ಕೆ ಹೇಳಿ ಮಾಡಿಸಿದ ತಿಂಗಳು. 2015ರಲ್ಲಿ ತೊಗರಿಬೇಳೆ ಚಿಲ್ಲರೆ ಮಾರುಕಟ್ಟೆಯಲ್ಲಿ ಕಿಲೋಗೆ 200 ರೂಪಾಯಿ ಹತ್ತಿರ ಹೋಗಿತ್ತು. ಆ ದರ ನೋಡಿ ಮರುವರ್ಷ ರೈತರು ಹೆಚ್ಚು ಬಿತ್ತಿದರು, ಬೆಳೆಯೂ ಚೆನ್ನಾಗಿ ಬಂತು, ದರ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಕೇಂದ್ರದ ಬೆಂಬಲ ಬೆಲೆ ಆ ವರ್ಷ ಕ್ವಿಂಟಾಲಿಗೆ 5,050 ರೂಪಾಯಿ. ಖರೀದಿ ಕೇಂದ್ರಗಳ ಮುಂದೆ ಸಾಲು, ಚೀಲಗಳ ಕೊರತೆ. ಅದರ ಮೇಲೆ 2016ರ ನವೆಂಬರ್ 8ರ ನೋಟು ರದ್ದತಿಯಿಂದ ರೈತರ ಕೈಯಲ್ಲಿ ರೊಕ್ಕವೇ ಇಲ್ಲ. ಹೊಸ ನೋಟು ಕೈಯಲ್ಲಿದ್ದವರ ಮಾತೇ ನಡೆಯುವ ದಿನಗಳು.

ನಾಯಕಿಯ ಅಪ್ಪ ಮಗಳ ಕಾಲೇಜಿಗೆಂದು ಗೌರಮ್ಮನ ಹತ್ತಿರ 20,000 ರೂಪಾಯಿ ಸಾಲ ಪಡೆದಿದ್ದಾನೆ. ಅಡವಾಗಿ ಪಹಣಿ, ಬ್ಯಾಂಕ್ ಪಾಸ್‌ಬುಕ್, ಸಹಿ ಮಾಡಿದ ಎರಡು ವಿತ್‌ಡ್ರಾ ಚೀಟಿ ಕೊಟ್ಟಿದ್ದಾನೆ. ಗೌರಮ್ಮ ಕೈಸೋತ ರೈತರಿಂದ ಕ್ವಿಂಟಾಲಿಗೆ 4,200ರಂತೆ ತೊಗರಿ ಕೊಂಡು, ತನ್ನ ಹತ್ತಿರ ಅಡವಿರುವ ಪಹಣಿಗಳ ಹೆಸರಿನಲ್ಲಿ ಖರೀದಿ ಕೇಂದ್ರಕ್ಕೆ ಹಾಕುವ ಉಪಾಯ ಮಾಡುತ್ತಾಳೆ. ರಾಜ್ಯದ ಪ್ರೋತ್ಸಾಹಧನ ಬಿಟ್ಟು ಲೆಕ್ಕ ಹಾಕಿದರೂ ಕ್ವಿಂಟಾಲಿಗೆ 850 ಉಳಿಯುತ್ತದೆ, 400 ಕ್ವಿಂಟಾಲಿಗೆ 3,40,000. ಮಿಲ್ಲಿನಲ್ಲಿ ಮೊದಲ ಪಾಲು ಕೊಳ್ಳಲು ಅವಳಿಗೆ ಬೇಕಾದ ಬಂಡವಾಳ ಅದು.

ದೃಶ್ಯ ಹೀಗೆ ಬರಬಹುದು. ಅಡತಿ ಅಂಗಡಿ, ಸಂಜೆ, ಹಮಾಲರು ಹೋಗಿದ್ದಾರೆ. ಗೌರಮ್ಮನ ಕೈಯಲ್ಲಿ ಡ್ರಾವರಿನ ಕೀಲಿ.

“ಅಕ್ಕೋರ, ನನ್ ಕಾಗದ ಜರಾ ಕೊಡ್ರಿ. ನಾಳಿ ಕೇಂದ್ರಕ್ಕ ಮಾಲು ಒಯ್ಲಕತ್ತೀನಿ.”

“ರಾಶಿ ಮುಗೀತೇನ್ರಿ ಕಾಕಾ?”

“ಮುಗೀತವ್ವ. ಮೂವತ್ತ್ ಕ್ವಿಂಟಾಲ್ ಆಗ್ಯಾದ. ಮಾರಿದ ಕೂಡ್ಲೆ ಮದಲ್ ನಿಮ್ದೇ ತೀರಸ್ತೀನಿ.”

ಕೀಲಿ ಡ್ರಾವರಿಗೆ ಹೋಗುತ್ತದೆ. ತಿರುಗುವುದಿಲ್ಲ.

“ನಾಳಿ ಬ್ಯಾಡ್ರಿ. ಕೇಂದ್ರದಾಗ ಚೀಲ ಇಲ್ಲಂತ. ಮುಂದಿನ ವಾರ ಬರ್ರಿ, ಕಾಗದ ಎಲ್ಲಿ ಹೋಗ್ತಾವ?”

“ನೀವ್ ಹೇಳಿದ ಮ್ಯಾಲ ಆಯ್ತು ಬಿಡ್ರಿ.”

ದೃಶ್ಯ ಇಷ್ಟೇ, ಎರಡು ನಿಮಿಷವೂ ಆಗುವುದಿಲ್ಲ. ಯಾರೂ ಕೂಗಿಲ್ಲ. ಹೇಳಿದ್ದು ಒಂದೇ ಸುಳ್ಳು, ಅದೂ ಆ ದಿನಗಳಲ್ಲಿ ಯಾರಾದರೂ ನಂಬುವಂಥದ್ದು. ಕೀಲಿ ತಿರುಗಿಸಿ ಕಾಗದ ಕೊಟ್ಟಿದ್ದರೆ ಅವಳಿಗೆ ಸಾಲವೂ ವಾಪಸ್ ಬರುತ್ತಿತ್ತು. ಮುಂದಿನ ವಾರ ರೈತ ಮಾಲು ಒಯ್ದಾಗ ಒಬ್ಬ ರೈತ ಕೇಂದ್ರಕ್ಕೆ ಮಾರಬಹುದಾದ ಮಿತಿ ಅವನ ಹೆಸರಿನಲ್ಲಿ ಮುಗಿದಿರುತ್ತದೆ, “ನಿಮ್ಮ ಹೆಸರಿಲೆ ಮಾಲು ಬಂದದಲ್ಲರಿ” ಎನ್ನುತ್ತಾರೆ. ಅವನು 30 ಕ್ವಿಂಟಾಲನ್ನು ಹೊರಗೆ 4,200ಕ್ಕೆ ಮಾರುತ್ತಾನೆ. ನಷ್ಟ 25,500, ಪಡೆದ ಸಾಲಕ್ಕಿಂತ ಹೆಚ್ಚು. ಬಡ್ಡಿ ಬೆಳೆಯುತ್ತದೆ, ಹೊಲ ಕೈಬಿಡುತ್ತದೆ, ನಾಯಕಿಯ ಓದು ನಿಲ್ಲುತ್ತದೆ. ಖಳನಾಯಕಿಯ ಪೂರ್ವಕಥೆಯೂ ನಾಯಕಿಯ ಪೂರ್ವಕಥೆಯೂ ಒಂದೇ ಡ್ರಾವರಿನಲ್ಲಿ ಇವೆ. ಹಾಗೆ ಗಂಟು ಬೀಳದ ಪೂರ್ವಕಥೆ ಎಷ್ಟೇ ಕರುಣಾಜನಕವಾಗಿದ್ದರೂ ಕಥೆಯ ಹೊರಗೆ ನಿಂತುಬಿಡುತ್ತದೆ.

ಇಲ್ಲಿ ರೈತನ ಆತ್ಮಹತ್ಯೆ ತರುವ ಆಸೆ ಬರೆಯುವವರಿಗೆ ಬಂದೇ ಬರುತ್ತದೆ. ಬೇಡ. ನಮ್ಮ ಭಾಗದ ಎಷ್ಟೋ ಮನೆಗಳಿಗೆ ಅದು ನಿಜವಾದ ದುಃಖ, ಎಪಿಸೋಡಿನ ಕೊನೆಗೆ ಬಿಗಿ ಹೆಚ್ಚಿಸಲು ಅದನ್ನು ಬಳಸುವುದು ಆ ಮನೆಗಳಿಗೆ ಮಾಡುವ ಅನ್ಯಾಯ. ಕಥೆಯ ದೃಷ್ಟಿಯಿಂದಲೂ ಬದುಕಿರುವ ಅಪ್ಪ ಹೆಚ್ಚು ಬೇಕಾದವನು, ಮುಂದೊಂದು ದಿನ ಗೌರಮ್ಮನ ಎದುರು ನಿಲ್ಲಬೇಕಾದವನು ಅವನೇ.

ಆಯ್ಕೆ ಒಂದೇ ಸಲ ನಡೆದರೆ ಅದು ತಪ್ಪು ಹೆಜ್ಜೆ, ಮತ್ತೆ ಮತ್ತೆ ನಡೆದಾಗ ಸ್ವಭಾವ. ಆದ್ದರಿಂದ ಇದರ ಹಿಂದೆಯೇ ಸಣ್ಣದಾಗಿ ಇನ್ನೊಂದು ಸಂದರ್ಭ ಬೇಕು, ಎರಡನೇ ರೈತ, ಎರಡನೇ ಪಹಣಿ. ಈ ಸಲ ಕೀಲಿಯ ಹತ್ತಿರ ಕೈ ಹೋಗುವುದೂ ಇಲ್ಲ, ಸುಳ್ಳು ತಾನಾಗಿ ಬರುತ್ತದೆ. ಮೂರನೆಯದನ್ನು ತೋರಿಸಬೇಕಾಗಿಲ್ಲ.

ಎಲ್ಲಿ ಬಿಚ್ಚಬೇಕು, ಎಷ್ಟು ಬಿಚ್ಚಬೇಕು

‘ಬ್ರೇಕಿಂಗ್ ಬ್ಯಾಡ್’ ಸರಣಿಯಲ್ಲಿ ಗಸ್ ಫ್ರಿಂಗ್ ಎಂಬ ಖಳ ಮೊದಲು ಬರುವುದು ಎರಡನೇ ಸೀಸನ್ನಿನಲ್ಲಿ, 2009ರಲ್ಲಿ. ಅವನ ಗೆಳೆಯನನ್ನು ಈಜುಕೊಳದ ಪಕ್ಕ, ಅವನ ಕಣ್ಣೆದುರೇ ಕೊಂದ ಪೂರ್ವಕಥೆ ಬರುವುದು 2011ರಲ್ಲಿ, ನಾಲ್ಕನೇ ಸೀಸನ್ನಿನ ಎಂಟನೇ ಎಪಿಸೋಡಿನಲ್ಲಿ. ಅದೇ ಸೀಸನ್ನಿನ ಹದಿಮೂರನೇ ಎಪಿಸೋಡಿಗೆ ಅವನು ಸಾಯುತ್ತಾನೆ. ಎರಡು ವರ್ಷ ಅವನನ್ನು ನೋಡಿ ಹೆದರಿದ ಮೇಲೆ, ಅವನ ಅಂತ್ಯಕ್ಕೆ ಕೇವಲ ಐದು ಎಪಿಸೋಡ್ ಮೊದಲು ಕಾರಣ ಹೇಳಿದರು. ಅದಕ್ಕೂ ಹಿಂದಿನ, ಚಿಲಿ ದೇಶದ ಅವನ ಬದುಕನ್ನು ಆ ಸರಣಿಯಲ್ಲಿ ಬಿಚ್ಚಲೇ ಇಲ್ಲ. ಪೂರ್ವಕಥೆಯನ್ನು ತಡಮಾಡಿದಷ್ಟೂ ಅದು ನೋಡುಗರು ಕೇಳಿ ಪಡೆದದ್ದಾಗುತ್ತದೆ. ಬೇಗ ಹೇಳಿದರೆ ನಾವೇ ಬಲವಂತವಾಗಿ ಬಡಿಸಿದಂತೆ.

ಆದರೆ ದಿನದ ಧಾರಾವಾಹಿ ಈ ಕ್ರಮವನ್ನು ಹಾಗೆಯೇ ಎತ್ತಿಕೊಳ್ಳಲಾಗದು. ಎಂಟು ಎಪಿಸೋಡಿನ ವೆಬ್ ಸರಣಿಯನ್ನು ಜನ ಒಂದರ ಹಿಂದೆ ಒಂದು ನೋಡುತ್ತಾರೆ. ವಾರಕ್ಕೆ ಐದಾರು ದಿನ ಬರುವ ಧಾರಾವಾಹಿಯನ್ನು ರೊಟ್ಟಿ ಬಡಿಯುತ್ತ, ಮಕ್ಕಳಿಗೆ ಓದಿಸುತ್ತ, ಕರೆಂಟು ಹೋದ ದಿನ ಬಿಟ್ಟು ನೋಡುತ್ತಾರೆ. ಒಂದೇ ಎಪಿಸೋಡಿನಲ್ಲಿ ಎಲ್ಲವನ್ನೂ ಹೇಳಿದರೆ ಅವತ್ತು ತಪ್ಪಿಸಿಕೊಂಡವರಿಗೆ ಮುಂದಿನ ಆರು ತಿಂಗಳು ಅರ್ಥವಾಗುವುದಿಲ್ಲ. ಆದ್ದರಿಂದ ಮುಖ್ಯ ಸಂಗತಿ ಮೂರು ಸಲ ಬರಬೇಕು, ಮೂರು ಬಾಯಿಂದ, ಪ್ರತಿ ಸಲ ಬೇರೆ ರೂಪದಲ್ಲಿ. ಅಣ್ಣ ಹೇಳುವಾಗ “ಆಕಿಗಿ ಏನ್ ಕಡಿಮಿ ಮಾಡೀವಿ, ಮದುವಿ ಮಾಡಿ ಕೊಟ್ಟೀವಿ”. ಗೌರಮ್ಮ ಹೇಳುವಾಗ ಹತ್ತು ವರ್ಷ ಬರೆದ ಖಾತೆಯ ಲೆಕ್ಕ. ಮೂರನೆಯದು ಬಾಯಿಮಾತೇ ಅಲ್ಲ, ನಾಯಕಿಯ ಕೈಗೆ ಸಿಗುವ ವಾಟ್ನಿ ಪತ್ರದ ನಕಲು. ಮೂರೂ ಸುಳ್ಳಲ್ಲ, ಮೂರೂ ಒಂದೇ ಅಲ್ಲ. ದೊಡ್ಡಾಟದಲ್ಲಿ ಸಾರಥಿ ಕೇಳಿದಾಗ ಪಾತ್ರ ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತದೆ, ನೋಡುವವರು ಅದನ್ನು ಪೂರ್ತಿ ನಂಬುತ್ತಾರೆ. ಟಿವಿಯಲ್ಲಿ ಖಳ ತನ್ನ ಬಗ್ಗೆ ಹೇಳಿಕೊಂಡದ್ದನ್ನು ಯಾರೂ ಪೂರ್ತಿ ನಂಬುವುದಿಲ್ಲ, ಆ ಅನುಮಾನವೇ ನಮಗೆ ಬೇಕಾದ ಬಂಡವಾಳ.

ಮೊದಲ 50–60 ಎಪಿಸೋಡ್, ಅಂದರೆ ಸುಮಾರು ಎರಡೂವರೆ ಮೂರು ತಿಂಗಳು, ಫ್ಲ್ಯಾಶ್‌ಬ್ಯಾಕ್ ಬೇಡವೇ ಬೇಡ. ಕುರುಹು ಮಾತ್ರ ಸಾಕು. ಗೌರಮ್ಮ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಟ್ಟರೂ ರಾತ್ರಿ ಕೂತು ಕೆಂಪು ಬಟ್ಟೆಯ ಪುಸ್ತಕದಲ್ಲಿ ಮತ್ತೆ ಬರೆಯುತ್ತಾಳೆ. ಮನೆಯಲ್ಲಿ ಯಾರದೇ ಮದುವೆಯ ತಾರೀಖು ಗೊತ್ತುಮಾಡುವಾಗ ಎದ್ದು ಒಳಗೆ ಹೋಗುತ್ತಾಳೆ. ತಂಗಿ ಬಂದರೆ ಊಟಕ್ಕೆ ತಾನೇ ಬಡಿಸುತ್ತಾಳೆ, ಜೊತೆಗೆ ಕೂರುವುದಿಲ್ಲ. ಇವನ್ನು ಯಾರೂ ವಿವರಿಸಬಾರದು. ವಿವರಣೆಯ ಹಸಿವು ಹುಟ್ಟಿದ ಮೇಲೆಯೇ ಫ್ಲ್ಯಾಶ್‌ಬ್ಯಾಕ್.

ಫ್ಲ್ಯಾಶ್‌ಬ್ಯಾಕ್ ಬಂದಾಗ ಅದು ಒಂದು ಸಲಕ್ಕೆ ಎಪಿಸೋಡಿನ ಮೂರನೇ ಒಂದು ಭಾಗ ಮೀರಬಾರದು. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಉಳಿಯುವುದು ಸುಮಾರು 22 ನಿಮಿಷ. ಅದರಲ್ಲಿ ಏಳು ನಿಮಿಷ ಹಿಂದಿನದು, ಉಳಿದದ್ದು ಇವತ್ತಿನದು. ಇಡೀ ವಾರ ಹಿಂದಿನ ಕಾಲದಲ್ಲೇ ಕಳೆದರೆ ನಾಯಕಿ ಕಣ್ಮರೆಯಾಗುತ್ತಾಳೆ, ನೋಡುಗರಿಗೆ ಗೊತ್ತಿರುವ ಮುಖಗಳೇ ಇರುವುದಿಲ್ಲ. ಗುರುವಾರ ಬರುವ ಟಿಆರ್‌ಪಿ ಇಳಿದರೆ ಚಾನೆಲ್ಲಿನವರು ಟ್ರ್ಯಾಕನ್ನೇ ಅರ್ಧಕ್ಕೆ ಕತ್ತರಿಸಲು ಹೇಳುತ್ತಾರೆ. ಗಾಯ ತೋರಿಸಿ ಆಗಿರುತ್ತದೆ, ಆಯ್ಕೆಯ ದೃಶ್ಯ ಇನ್ನೂ ಬಂದಿರುವುದಿಲ್ಲ. ಕೊನೆಗೆ ಖಳನಾಯಕಿಗೆ ಸಹಾನುಭೂತಿ ಮಾತ್ರ ಉಳಿದು, ಹೊಣೆ ಹೊರಟುಹೋಗುತ್ತದೆ. ಬಹಳ ಧಾರಾವಾಹಿಗಳಲ್ಲಿ ಜನ ನಾಯಕಿಯನ್ನೇ ಬೈಯಲು ಶುರುಮಾಡುವುದು ಹೀಗೆ. ಕತ್ತರಿ ಬೀಳುವ ಭಯ ಇದ್ದರೆ ಆಯ್ಕೆಯ ದೃಶ್ಯವನ್ನೇ ಮೊದಲು ತೋರಿಸಿ, ಗಾಯವನ್ನು ಆಮೇಲೆ.

ಚಿತ್ರೀಕರಣದಲ್ಲಿ ಕೆಡುವ ಸಂಗತಿಗಳು

ದಿನದ ಧಾರಾವಾಹಿಯಲ್ಲಿ ಕಥೆ ಒಬ್ಬರದು, ಚಿತ್ರಕಥೆ ಒಬ್ಬರದು, ಸಂಭಾಷಣೆ ಇನ್ನೊಬ್ಬರದು. ನಡುವೆ ಬರಹಗಾರರು ಬದಲಾಗುತ್ತಾರೆ. 40ನೇ ಎಪಿಸೋಡಿನಲ್ಲಿ ಗೌರಮ್ಮ “ನನಗ ತಂಗಿನೇ ಇಲ್ಲ” ಅಂದಿದ್ದರೆ 200ನೇ ಎಪಿಸೋಡಿಗೆ ಬಂದವರಿಗೆ ಅದು ಗೊತ್ತಿರುವುದಿಲ್ಲ. ಇದಕ್ಕೆ ಮದ್ದು ಒಂದೇ ಹಾಳೆ. ಎಡಗಡೆ ಗುಟ್ಟುಗಳು, ಮೇಲ್ಗಡೆ ಪಾತ್ರಗಳ ಹೆಸರು, ಪ್ರತಿ ಚೌಕದಲ್ಲಿ ಆ ಪಾತ್ರಕ್ಕೆ ಆ ಗುಟ್ಟು ಎಷ್ಟನೇ ಎಪಿಸೋಡಿನಲ್ಲಿ ಗೊತ್ತಾಯಿತು ಎಂಬ ಸಂಖ್ಯೆ. ಖಾಲಿ ಚೌಕದ ಪಾತ್ರದ ಬಾಯಲ್ಲಿ ಆ ಮಾತು ಬರಕೂಡದು. ದೊಡ್ಡ ದಾಖಲೆಗಳನ್ನು ಯಾರೂ ತೆರೆದು ಓದುವುದಿಲ್ಲ, ಈ ಹಾಳೆಯನ್ನು ಓದುತ್ತಾರೆ.

ಹಿಂದಿನ ಕಾಲದ ದೃಶ್ಯಗಳನ್ನು ಬಿಡಿಬಿಡಿಯಾಗಿ ತೆಗೆಯದೆ ಒಟ್ಟಿಗೆ ತೆಗೆಯಬೇಕು. ಬೇರೆ ಜಾಗ, ಬೇರೆ ಉಡುಪು, ಬಾಲ ಕಲಾವಿದೆ ಎಲ್ಲ ಒಂದೇ ಸಲ ಬೇಕಾಗುತ್ತದೆ. ಹತ್ತು ವರ್ಷದ ಗೌರಮ್ಮ ಖಾತೆ ಬರೆಯುವ ದೃಶ್ಯಕ್ಕೆ ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಜಿಲ್ಲಾಧಿಕಾರಿಯ ಅನುಮತಿ ಬೇಕು, ಮಗುವಿನ ಸಂಭಾವನೆಯ ಕನಿಷ್ಠ 20 ಪ್ರತಿಶತವನ್ನು ಅದರ ಹೆಸರಿನಲ್ಲೇ ಠೇವಣಿ ಇಡಬೇಕು. ಇದು ಕಾನೂನು, ವೇಳಾಪಟ್ಟಿ ಹಾಕುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು.

ವಸ್ತುಗಳ ವಿಷಯಕ್ಕೆ ಬಂದರೆ, 1992ರ ದೃಶ್ಯದಲ್ಲಿ ಬಸ್ಸಿನ ಬೋರ್ಡು ಗುಲಬರ್ಗಾ ಎಂದೇ ಇರಬೇಕು, ಕಲಬುರಗಿ ಎಂದು ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ. ಬಸ್ಸು ರಾಜ್ಯ ಸಾರಿಗೆಯದು, ಈಶಾನ್ಯ ಸಾರಿಗೆ ಬೇರೆಯಾದದ್ದು 2000ದಲ್ಲಿ, ಅದಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದದ್ದು 2021ರಲ್ಲಿ. ಶಹಾಪುರ ಆಗ ಗುಲಬರ್ಗಾ ಜಿಲ್ಲೆಯಲ್ಲೇ ಇತ್ತು, ಯಾದಗಿರಿ ಜಿಲ್ಲೆ ಇನ್ನೂ ಆಗಿರಲಿಲ್ಲ. 2017ರ ಜನವರಿಯಲ್ಲಿ ಗೌರಮ್ಮ ಎಣಿಸುವುದು ಹೊಸ 2,000 ಮತ್ತು 500ರ ನೋಟು. 200ರ ನೋಟು ಅಲ್ಲಿ ಕಾಣಿಸಿದರೆ ತಪ್ಪು, ಅದು ಬಂದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಜನವರಿಯಲ್ಲಿ ಹಿನ್ನೆಲೆಗೆ ಹಸಿರು ತೊಗರಿ, ಹಳದಿ ಹೂವು ತೋರಿಸಿದರೆ ರೈತರು ನಗುತ್ತಾರೆ. ಆಗ ಹೊಲದಲ್ಲಿ ಇರುವುದು ಕೊಯ್ದ ಕೂಳೆ, ರಾಶಿಯ ಹೊಟ್ಟು. ಮನೆಯ ನೆಲ ಶಹಾಬಾದ್ ಕಲ್ಲಿನದಿರಲಿ, ಅಮೃತಶಿಲೆಯ ಮೆಟ್ಟಿಲು ಬೇಡ.

ಭಾಷೆಯ ಮಾತು ಹೇಳಲೇಬೇಕು. ಎಷ್ಟೋ ಧಾರಾವಾಹಿಗಳಲ್ಲಿ ಸುಸಂಸ್ಕೃತ ಪಾತ್ರಗಳಿಗೆ ಬೆಂಗಳೂರು ಮೈಸೂರಿನ ಮಾತು, ಗೂಂಡಾಗಳಿಗೆ, ಮನೆಕೆಲಸದವರಿಗೆ ನಮ್ಮ ಮಾತು. ಊರಿನ ಕನ್ನಡವೇ ಕೇಡಿನ ಗುರುತು ಆಗಿಬಿಡುತ್ತದೆ. ಗೌರಮ್ಮ ಕಲಬುರಗಿಯ ಕನ್ನಡ ಆಡಿದರೆ ನಾಯಕಿಯೂ ಅದನ್ನೇ ಆಡಬೇಕು, ಅವಳ ಅಪ್ಪನೂ, ನ್ಯಾಯಾಧೀಶರ ಮುಂದೆ ನಿಂತ ವಕೀಲರೂ. ಅದೂ ಧಾರವಾಡದ ಮಾತಿನ ಅನುಕರಣೆ ಆಗಬಾರದು. ಅಲ್ಲಿ ‘ಮಾಡಾಕತ್ತೀನಿ’ ಅಂದರೆ ಇಲ್ಲಿ ‘ಮಾಡ್ಲಕತ್ತೀನಿ’ ಅನ್ನುತ್ತಾರೆ, ಇಲ್ಲಿಯ ಮಾತಿನ ನಡುವೆ ದಖನಿ ಉರ್ದು ಸಹಜವಾಗಿ ಓಡಾಡುತ್ತದೆ. ಗಂಜಿನಲ್ಲಿ ಒಂದು ದಿನ ಕೂತವರಿಗೆ ಇದು ತಾನಾಗಿ ಕಿವಿಗೆ ಬೀಳುತ್ತದೆ.

ಬಂಜೆತನ, ಅಂಗವೈಕಲ್ಯ, ಮಾನಸಿಕ ಕಾಯಿಲೆ, ಮೈಬಣ್ಣ, ಹುಟ್ಟಿದ ಜಾತಿ, ಇವನ್ನು ಕೇಡಿಗೆ ಕಾರಣ ಮಾಡುವುದನ್ನು ಪೂರ್ತಿ ನಿಲ್ಲಿಸಬೇಕು. ಮಕ್ಕಳಿಲ್ಲದ ಹೆಂಗಸು ನಮ್ಮ ಧಾರಾವಾಹಿ ನೋಡುತ್ತ, ತನ್ನಂಥವಳು ಪ್ರತಿ ಸಲವೂ ತೊಟ್ಟಿಲಿಗೆ ಕೈಹಾಕುವವಳಾಗಿಯೇ ಬರುವುದನ್ನು ಕಾಣುತ್ತಾಳೆ. ಅವಳ ಮುಖವನ್ನು ನೆನೆದರೆ ಆ ದೃಶ್ಯ ಬರೆಯಲು ಕೈ ಬರಬಾರದು. ಇದರಿಂದ ಕಥೆಗೂ ನಷ್ಟವೇ. ಅವು ಯಾವುವೂ ಆಯ್ಕೆಗಳಲ್ಲ, ಅಲ್ಲಿಂದ ಶುರುವಾದ ಖಳನಿಗೆ ಮುಂದೆ ಬದಲಾಗಲೂ ದಾರಿಯಿಲ್ಲ, ಸೋಲಲೂ ದಾರಿಯಿಲ್ಲ.

ಸೋಲು ಎಲ್ಲಿಂದ ಬರಬೇಕು ಎಂಬುದೂ ಪೂರ್ವಕಥೆಯಲ್ಲೇ ಇದೆ. ಅಪ್ಪ ಕಲಿಸಿದ ಅಚ್ಚುಕಟ್ಟು ಗೌರಮ್ಮನ ರಕ್ತದಲ್ಲಿದೆ. ಸುಳ್ಳು ಹೇಳಿ ಕೊಂಡ ಮಾಲನ್ನೂ ಅವಳು ಆ ಕೆಂಪು ಪುಸ್ತಕದಲ್ಲಿ ತಾರೀಖು, ಪಹಣಿ ನಂಬರು ಸಮೇತ ಸರಿಯಾಗಿ ಬರೆದಿದ್ದಾಳೆ. ನಾಯಕಿಯ ಅಪ್ಪನ ಪಾಸ್‌ಬುಕ್ಕಿನಲ್ಲಿ ಒಂದೇ ದಿನ ಬಂದು ಹೋದ ರೊಕ್ಕದ ನಮೂದು ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಪ್ರಕರಣ ನಿಲ್ಲುತ್ತದೆ. ಹೊರಗಿನ ಪೊಲೀಸು, ಕಾಕತಾಳೀಯ ಅಪಘಾತ ಯಾವುದೂ ಬೇಕಿಲ್ಲ.

ಮೃತ್ಯುಪತ್ರದ ಸಾಕ್ಷಿಗಳ ಹೆಸರನ್ನು ಇಷ್ಟು ದಿನ ಮುಚ್ಚಿಟ್ಟದ್ದು ಇದಾದ ಮೇಲಿನ ವಾರಕ್ಕಾಗಿ. ಒಂದು ಸಹಿ ಊರಿನ ಮಾಸ್ತರರದು. ಇನ್ನೊಂದು ಗೌರಮ್ಮನ ಅವ್ವನ ಹೆಬ್ಬೆಟ್ಟು. ಅದನ್ನು ಗೌರಮ್ಮನಿಗೆ ತೋರಿಸುವವಳು ನಾಯಕಿಯಾಗಬಾರದು, ತಂಗಿಯೇ ತೋರಿಸಬೇಕು, ಆಗ ಅವ್ವ ಬದುಕಿರಬೇಕು. ಹೆಬ್ಬೆಟ್ಟು ಒತ್ತಿದ್ದು ಯಾಕೆ ಎಂಬುದಕ್ಕೆ ಅವ್ವ ಕೊಡುವ ಉತ್ತರಕ್ಕೆ ಒಂದು ಇಡೀ ಎಪಿಸೋಡ್ ಎತ್ತಿಡಿ, ಫ್ಲ್ಯಾಶ್‌ಬ್ಯಾಕ್ ಇಲ್ಲದೆ, ಮೂವರು ಹೆಂಗಸರು ಒಂದೇ ಕೋಣೆಯಲ್ಲಿ.